300ನೇ ರ‍್ಯಾಂಕಿನಲ್ಲಿ ಟೆನಿಸ್ ಆಡಿ ಬದುಕೋಕಾಗುತ್ತಾ?

ಡ್ರಾಪ್‌ಶಾಟ್: ಖಾತೆಯಲ್ಲಿ ಉಳಿದಿರೋದು 900 ಯೂರೊ ಅಂತ ನಮ್ಮ ಟೆನಿಸ್ ಆಟಗಾರ ಸುಮಿತ್ ನಾಗಲ್ 2023ರ ಸೆಪ್ಟೆಂಬರ್‌ನಲ್ಲಿ ಹೇಳಿದ್ರು. ನಾಲ್ಕೇ ತಿಂಗಳಲ್ಲಿ ಆಸ್ಟ್ರೇಲಿಯನ್ ಓಪನ್‌ನಲ್ಲಿ 31ನೇ ಶ್ರೇಯಾಂಕದ ಬುಬ್ಲಿಕ್‌ರನ್ನ ಸೋಲಿಸಿ ಎರಡನೇ ಸುತ್ತು ತಲುಪಿದ್ರು, ಬಹುಮಾನ 1,80,000 ಆಸ್ಟ್ರೇಲಿಯನ್ ಡಾಲರ್. ಆಟ ಗಟ್ಟಿ ಇದ್ರೆ ದುಡ್ಡು ಬಂದೇ ಬರುತ್ತೆ.

ಲೆಕ್ಕಿಗ: ಮಧ್ಯದ ಮೆಟ್ಟಿಲು ಹಾರಿಸಿಬಿಟ್ರಲ್ಲ! ಅವರು ಮೊದಲು ಮೂರು ಅರ್ಹತಾ ಪಂದ್ಯ ಗೆದ್ದಿದ್ರು. ಆ ಅರ್ಹತಾ ಸುತ್ತಿಗೇ ರ‍್ಯಾಂಕ್ ಸುಮಾರು 230ರೊಳಗೆ ಬೇಕು. ಅಲ್ಲಿ ಮೊದಲ ಪಂದ್ಯ ಸೋತವರಿಗೂ ಆ ವರ್ಷ 31,250 ಆಸ್ಟ್ರೇಲಿಯನ್ ಡಾಲರ್ ಸಿಕ್ತು. ವೃತ್ತಿಪರ ಟೆನಿಸ್‌ನ ತಳಹಂತದ ಎಂ15 ಟೂರ್ನಿ ಗೆದ್ದರೆ 2,160 ಅಮೆರಿಕನ್ ಡಾಲರ್. ಒಂದು ಸೋಲು, ಹೆಚ್ಚುಕಮ್ಮಿ ಹತ್ತು ಪ್ರಶಸ್ತಿಗೆ ಸಮ.

ಕಬ್ಬನ್‌ಪಾರ್ಕ್ ಗ್ಯಾಲರಿ: ಎಂ15 ಪ್ರಶಸ್ತಿಗೆ 15 ರ‍್ಯಾಂಕಿಂಗ್ ಪಾಯಿಂಟ್. ಮೊದಲ ಸುತ್ತಲ್ಲೇ ಸೋತ್ರೆ ಸೊನ್ನೆ, ಕೈಗೆ 156 ಡಾಲರ್. ಹೋಟೆಲ್ ಬಾಡಿಗೆಗೂ ಸಾಲದು. ಹತ್ತು ಗೆದ್ದರೂ 150 ಪಾಯಿಂಟ್, 52 ವಾರ ಕಳೆದ್ಮೇಲೆ ಒಂದೊಂದಾಗಿ ಉದುರುತ್ತೆ. ಅಲ್ಲೇ ಸುತ್ತೋದು ತಪ್ಪು, ಬೇಗ ಮೇಲಿನ ಹಂತದ ಚಾಲೆಂಜರ್ ಟೂರ್ನಿಗಳಿಗೆ ಏರಬೇಕು. ನಮ್ಮವರೇ ಆದ ಪ್ರಜ್ಞೇಶ್ ಗುಣೇಶ್ವರನ್ 2018ರಲ್ಲಿ ಚೀನಾದ ಆನಿಂಗ್, ಆಮೇಲೆ ನಮ್ಮ ಬೆಂಗಳೂರು ಚಾಲೆಂಜರ್ ಗೆದ್ರು. 2019ರ ಏಪ್ರಿಲ್‌ನಲ್ಲಿ 75ನೇ ರ‍್ಯಾಂಕ್. ಆ ವರ್ಷ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಮುಖ್ಯ ಡ್ರಾದಲ್ಲಿದ್ರು, ನಾಲ್ಕರಲ್ಲೂ ಮೊದಲ ಸುತ್ತಲ್ಲೇ ಔಟ್. ಚೆಕ್ ಮಾತ್ರ ನಾಲ್ಕೂ ಬಂತು.

ಡ್ರಾಪ್‌ಶಾಟ್: ಈಗ ಪುರುಷರ ಟೆನಿಸ್ ಸಂಸ್ಥೆ ಎಟಿಪಿಯ ಬೇಸ್‌ಲೈನ್ ಅನ್ನೋ ಕನಿಷ್ಠ ಆದಾಯದ ಯೋಜನೆ ಇದೆಯಲ್ಲ?

ಲೆಕ್ಕಿಗ: ಇದೆ, 2024ರಿಂದ. ಆ ವರ್ಷ ಮೊದಲ ನೂರು ರ‍್ಯಾಂಕಿನವರಿಗೆ 3,00,000 ಅಮೆರಿಕನ್ ಡಾಲರ್, 101–175ಕ್ಕೆ 1,50,000, 176–250ಕ್ಕೆ 75,000. ಇದು ಸಂಬಳ ಅಲ್ಲ. ಗಳಿಕೆ ಅಷ್ಟು ಮುಟ್ಟದಿದ್ರೆ ಕೊರತೆ ತುಂಬಿಕೊಡ್ತಾರೆ. 251ನೇಯವನಿಗೆ ಏನೂ ಇಲ್ಲ.

ಪಾಲಿ_ದಾರ: 75,000 ದೊಡ್ಡದು ಅನ್ನಿಸುತ್ತೆ. ಅದರಲ್ಲೇ ಕೋಚ್ ಸಂಬಳ, ಅವರ ವಿಮಾನ, ರೂಮು. ಅಮೆರಿಕದಲ್ಲಿ ಆಡಿದ್ರೆ ಬಹುಮಾನದಲ್ಲಿ ಸಾಮಾನ್ಯವಾಗಿ 30% ತೆರಿಗೆ ಅಲ್ಲೇ ಮುರೀತಾರೆ. ರಾಕೆಟ್ ದಾರದ ಖರ್ಚು ಬೇರೆ. ಪಾಲಿ (ಪಾಲಿಯೆಸ್ಟರ್ ದಾರ) ಕಡಿಯೋ ಮೊದಲೇ ಬಿಗಿ ಕಳ್ಕೊಳ್ಳುತ್ತೆ, ಆಮೇಲೆ ಚೆಂಡು ಉದ್ದ ಹೋಗುತ್ತೆ. ಅದಕ್ಕೇ ಕೆಳಗಿನ ಟೂರ್ನಿಗಳಲ್ಲಿ ಹಲವರು 200 ಮೀಟರ್ ದಾರದ ರೀಲ್ ತಗೊಳ್ತಾರೆ. ರಾಕೆಟ್‌ಗೆ ಸುಮಾರು 12 ಮೀಟರ್, ರೀಲ್‌ಗೆ 16 ರಾಕೆಟ್. ಮಣ್ಣಿನ ಅಂಕಣದಲ್ಲಿ ದೂಳು ಸೇರಿ ದಾರ ಗರಗಸದ ಹಾಗೆ ಒಂದನ್ನೊಂದು ಕೊಯ್ಯುತ್ತೆ, ಇನ್ನೂ ಬೇಗ ಮುಗಿಯುತ್ತೆ.

ಕಬ್ಬನ್‌ಪಾರ್ಕ್ ಗ್ಯಾಲರಿ: ಅದಕ್ಕೇ 300ರಲ್ಲಿರೋರು ಕೋಚ್ ಇಲ್ಲದೆ ಓಡಾಡೋದು. ಇಬ್ಬರು ಮೂವರು ಸೇರಿ ಒಬ್ಬ ಕೋಚ್‌ನ ಹಂಚಿಕೊಳ್ಳಬಹುದು, ಆದರೆ ಒಂದೇ ವಾರ ಒಬ್ಬನಿಗೆ ಚಾಲೆಂಜರ್ ಸಿಕ್ಕಿ ಇನ್ನೊಬ್ಬ ಎಂ25ಗೆ (ಎಂ15ಗಿಂತ ಒಂದು ಮೆಟ್ಟಿಲು ಮೇಲಿನ ಟೂರ್ನಿ) ಬೇರೆ ದೇಶಕ್ಕೆ ಹೋದ್ರೆ ಕೋಚ್ ಯಾರ ಜತೆ ಹೋಗ್ತಾರೆ?