ಅಜ್ಜಿಮನೆ ಬಳಗದಲ್ಲಿ ಕೊತ್ತಂಬರಿ ನೀರು

ಭಾನುವಾರ, ಬೆಳಗ್ಗೆ 6:12

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಥೈರಾಯ್ಡ್ ಕೂತು ಕೂತು ಬರುವ ಕಾಯಿಲೆ!! ರಾತ್ರಿ ಒಂದು ಚಮಚ ಕೊತ್ತಂಬರಿ ಬೀಜ ನೆನೆಹಾಕಿ, ಬೆಳಗ್ಗೆ ಆ ನೀರು ಕುಡಿಯಿರಿ. 21 ದಿನದಲ್ಲಿ ಮಾತ್ರೆ ಬಿಸಾಡಿ. ಎಲೆಕೋಸು ವಿಷ!! ಹತ್ತು ಜನಕ್ಕೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ 🙏

ದೊಡ್ಡಪ್ಪ: ಕಾವ್ಯಾ, ನಿನಗೇ ಬರೆದ ಹಾಗಿದೆ. ಓದು.

ಅತ್ತೆ: ಎಲೆಕೋಸಿನ ಪಲ್ಯ ಒಲೆ ಮೇಲಿದೆ, ಈಗ ಹೇಳುತ್ತೀರಲ್ಲ

ರಘು: 🤣

9:40

ಕಾವ್ಯಾ: ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಇದು ಪೂರ್ತಿ ಸುಳ್ಳು. ನನಗಿರುವುದು ಹಶಿಮೊಟೊ ಅಂತ. ಮೈಯ ಕಾವಲು ಪಡೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ಬೀಳುತ್ತದೆ, ಗ್ರಂಥಿ ನಿಧಾನವಾಗಿ ಸೊರಗುತ್ತದೆ. ಜಪಾನಿನ ಡಾಕ್ಟರ್ ಹಕಾರು ಹಶಿಮೊಟೊ ಇದರ ಬಗ್ಗೆ ಬರೆದಿದ್ದು 1912ರಲ್ಲಿ. ಆಗ ಯಾರ ತೊಡೆ ಮೇಲೆ ಲ್ಯಾಪ್‌ಟಾಪ್ ಇತ್ತು?

ದೊಡ್ಡಪ್ಪ: ನೀನು ದಿನಕ್ಕೆ ಒಂಬತ್ತು ಗಂಟೆ ಕೂರುವುದು ಸುಳ್ಳಾ? ನಿಮ್ಮಜ್ಜಿ ಒರಳಲ್ಲಿ ರುಬ್ಬುತ್ತಿದ್ದಳು. ಥೈರಾಯ್ಡೂ ಇರಲಿಲ್ಲ, ಗೀಯ್ರಾಯ್ಡೂ ಇರಲಿಲ್ಲ.

ಕಾವ್ಯಾ: ಅಜ್ಜಿಗೆ ಯಾರು ರಕ್ತ ಪರೀಕ್ಷೆ ಮಾಡಿಸಿದ್ದರು? ಸೆಕೆಗಾಲದಲ್ಲೂ ಶಾಲು ಹೊದ್ದು, ಮುಖ ಊದಿಕೊಂಡು, 'ಮೈ ಭಾರ' ಅನ್ನುತ್ತಿದ್ದರಲ್ಲ. ಅದನ್ನು ವಯಸ್ಸು ಅಂದುಕೊಂಡಿರಿ.

ಕಾವ್ಯಾ: ನನ್ನದನ್ನೂ ಹಾಗೇ ಅಂದುಕೊಂಡಿದ್ದೆ. ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತಿತ್ತು, ಊಟದ ಮಂಪರು ಅಂದೆ. ಆಫೀಸಲ್ಲಿ ಚಳಿ, ಎಸಿ ಅಂದೆ. ಬೆರಳು ಜೋಮು ಹಿಡಿಯಿತು, ಮೌಸ್ ಅಂದುಕೊಂಡು 1,800 ಕೊಟ್ಟು ಬೇರೆ ತಂದೆ. ಕೊನೆಗೆ ಟಿಎಸ್‌ಎಚ್ ನೋಡಿದರೆ 38. ಥೈರಾಯ್ಡ್ ಕಡಿಮೆಯಾದರೆ ಮಣಿಕಟ್ಟಿನ ನರ ಒತ್ತಿಕೊಳ್ಳುವುದೂ ಇದೆಯಂತೆ. ಕೂರುವ ಕೆಲಸದಲ್ಲಿ ಇದೇ ತೊಂದರೆ. ಎಲ್ಲವನ್ನೂ ಕುರ್ಚಿಯ ತಲೆಗೆ ಕಟ್ಟಿ ಸುಮ್ಮನಿರಬಹುದು.

ರಘು: 38 ಅಂದರೆ ಪಾಸಾ ಫೇಲಾ

ಪ್ರದೀಪ: ಫೇಲು. ಸುಮಾರು 0.4ರಿಂದ 4ರವರೆಗೆ ಸರಿ. ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು 'ಏಳು, ಕೆಲಸ ಮಾಡು' ಅಂತ ಕೂಗುವ ಕೂಗೇ ಟಿಎಸ್‌ಎಚ್. ಅದು ಏಳದಷ್ಟೂ ಕೂಗು ಜೋರು. ಅತ್ತೆ ನಿನ್ನನ್ನು ಎಬ್ಬಿಸುವ ಹಾಗೆ.

ಅತ್ತೆ: 👍👍

ದೊಡ್ಡಪ್ಪ: ಎರಡು ವರ್ಷದಿಂದ ಮಾತ್ರೆ ನುಂಗುತ್ತಿದ್ದಾಳಲ್ಲ, ತೂಕ ಇಳಿಯಿತಾ? ಏರಿದೆ. ಮದುವೆ ಫೋಟೋ ನೋಡಿದೆ.

ಕಾವ್ಯಾ: ಥೈರಾಯ್ಡ್ ಇರುವವರಿಗೆ ತೂಕ ಇಳಿಯುವುದಿಲ್ಲ ದೊಡ್ಡಪ್ಪ!

ಪ್ರದೀಪ: ಕಾವ್ಯಾ, ಹೋದ ತಿಂಗಳ ರಿಪೋರ್ಟ್ ಎಷ್ಟು?

ಕಾವ್ಯಾ: 2.4

ಪ್ರದೀಪ: ಹಾಗಾದರೆ ಈಗಿನ ತೂಕ ಥೈರಾಯ್ಡಿನದಲ್ಲ ಕಣೇ. ಅದರಿಂದ ಏರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ಕೆಜಿ, ಅದರಲ್ಲೂ ಜಾಸ್ತಿ ಭಾಗ ಉಪ್ಪು, ನೀರು. ಮಾತ್ರೆ ಸರಿಯಾಗಿ ಕೂತಿದೆ. ಉಳಿದದ್ದು ಕುರ್ಚಿಯದು, ಕ್ಯಾಂಟೀನಿನ ಪಫ್‌ನದು.

ದೊಡ್ಡಪ್ಪ: ಅದನ್ನೇ ನಾನು ಹೇಳಿದ್ದು!!

ಪ್ರದೀಪ: ಇಲ್ಲ ದೊಡ್ಡಪ್ಪ, ನೀವು ಹೇಳಿದ್ದು ಮಾತ್ರೆ ಬಿಸಾಡು ಅಂತ. ನಡೆದರೆ ಗ್ರಂಥಿ ಮತ್ತೆ ಚಿಗುರುವುದಿಲ್ಲ. ಮಾತ್ರೆ ನುಂಗಿದರೆ ಕಾಲು ತಾನಾಗಿ ನಡೆಯುವುದಿಲ್ಲ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳಿದೆ, ಥೈರಾಯ್ಡ್ ಇರಲಿ ಬಿಡಲಿ.

ಕಾವ್ಯಾ: ಈ ಸಂದೇಶ ಅಳಿಸಲಾಗಿದೆ

ಕಾವ್ಯಾ: ಆಯ್ತು ಒಪ್ಪಿದೆ. ದೊಡ್ಡ ಬಾಟಲಿ ಬಿಟ್ಟು ಈಗ ಸಣ್ಣ ಲೋಟ ಇಟ್ಟುಕೊಂಡಿದ್ದೇನೆ, ನೀರಿಗೆ ಪದೇ ಪದೇ ಏಳಲೇಬೇಕು. ನಾನು ಮಾತಾಡಬೇಕಿಲ್ಲದ ಮೀಟಿಂಗನ್ನು ಓಡಾಡಿಕೊಂಡು ಕೇಳುತ್ತೇನೆ. ಪಫ್ ವಿಷಯ ಇಲ್ಲಿ ಬೇಡ.

11:05

ಚಿಕ್ಕಮ್ಮ: ಒಂದು ಮಾತು. ಭಾವ ಇದನ್ನೇ ಹೋದ ತಿಂಗಳೂ ಕಳಿಸಿದ್ದರು. ನಾನು ಮಾತ್ರೆ ಬಿಟ್ಟು ಮೂರು ವಾರ ಆಯ್ತು.

ಕಾವ್ಯಾ: ಏನು???

ಚಿಕ್ಕಮ್ಮ: ಮೊದಲ ವಾರ ಚೆನ್ನಾಗಿಯೇ ಇತ್ತು. ನೀರು ಹಿಡಿಸಿತು ಅಂದುಕೊಂಡೆ. ಈಗ ಬೆಳಗ್ಗೆ ರೆಪ್ಪೆ ಊದಿರುತ್ತದೆ, ಹೊಟ್ಟೆ ಕಟ್ಟಿದೆ. ಸೊಸೈಟಿ ಕೌಂಟರಿನಲ್ಲಿ ಮೊನ್ನೆ ಒಂದೇ ಕಂತೆ ನೋಟು ಮೂರು ಸಲ ಎಣಿಸಿದೆ.

ಪ್ರದೀಪ: ಚಿಕ್ಕಮ್ಮ, ಈ ಮಾತ್ರೆ ಮೈಯಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು ಒಂದು ವಾರ ಬೇಕು. ಉಳಿದ ಅರ್ಧದಲ್ಲಿ ಅರ್ಧ ಇಳಿಯಲು ಇನ್ನೊಂದು ವಾರ. ಮೊದಲ ವಾರ ನಿಮ್ಮನ್ನು ನಡೆಸಿದ್ದು ಹಳೆಯ ಮಾತ್ರೆ, ಹೆಸರು ಬಂದದ್ದು ಕೊತ್ತಂಬರಿಗೆ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಬಿಟ್ಟಿದ್ದನ್ನು ಮುಚ್ಚಿಡಬೇಡಿ, ಇಲ್ಲದಿದ್ದರೆ ಮಾತ್ರೆ ಸಾಲುತ್ತಿಲ್ಲ ಅಂದುಕೊಂಡು ಡೋಸ್ ಏರಿಸಿಬಿಡುತ್ತಾರೆ.

ಚಿಕ್ಕಮ್ಮ: ಬೈಯುತ್ತಾರೆ ಕಣೋ. ಮೊದಲೂ ಅಷ್ಟೇನೂ ಕೆಲಸ ಮಾಡುತ್ತಿರಲಿಲ್ಲ, ಅದಕ್ಕೇ ಬಿಟ್ಟೆ.

ಪ್ರದೀಪ: ಹೇಗೆ ತೆಗೆದುಕೊಳ್ಳುತ್ತಿದ್ದಿರಿ?

ಚಿಕ್ಕಮ್ಮ: ಬೆಳಗ್ಗೆ ಕಾಫಿ ಜೊತೆ. ಕ್ಯಾಲ್ಸಿಯಂ ಮಾತ್ರೆಯೂ ಆಗಲೇ, ಒಟ್ಟಿಗೆ ಮುಗಿದುಹೋಗಲಿ ಅಂತ.

ಪ್ರದೀಪ: ಅಯ್ಯೋ. ನನ್ನ ಮೆಡಿಕಲ್ ಶಾಪಿಗೆ ಬರುವವರದೂ ಇದೇ ಕಥೆ. ಬರೀ ನೀರಲ್ಲಿ, ಖಾಲಿ ಹೊಟ್ಟೆಗೆ ನುಂಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ, ತಿಂಡಿ, ರಾಗಿ ಗಂಜಿ ಏನೂ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ನಾಲ್ಕು ಗಂಟೆ ಬಿಟ್ಟು. ಜೊತೆಗೆ ಹಾಕಿದರೆ ಇದು ರಕ್ತಕ್ಕೆ ಸರಿಯಾಗಿ ಸೇರುವುದೇ ಇಲ್ಲ. ಮತ್ತೆ ಶುರು ಮಾಡಿ ಆರರಿಂದ ಎಂಟು ವಾರಕ್ಕೆ ಪರೀಕ್ಷೆ ಮಾಡಿಸಿ, ಅದಕ್ಕೂ ಮೊದಲು ಮಾಡಿಸಿದರೆ ಸರಿಯಾದ ಲೆಕ್ಕ ಸಿಗುವುದಿಲ್ಲ.

ಅತ್ತೆ: ಪಲ್ಯ ಏನು ಮಾಡಲಿ?

ಪ್ರದೀಪ: ಬೇಯಿಸಿದ ಎಲೆಕೋಸು ಧಾರಾಳವಾಗಿ ತಿನ್ನಿ. ಹಸಿ ಎಲೆಕೋಸನ್ನು ರಾಶಿಗಟ್ಟಲೆ ತಿಂದರೆ ಮಾತು ಬೇರೆ. ನಮ್ಮ ಮನೆಯಲ್ಲಿ ಯಾರೂ ಆಡಲ್ಲವಲ್ಲ.

ರಘು: ಆಡಲ್ಲ ಅಲ್ಲ, ಆಡು ಅಲ್ಲ 🐐

(ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ, ನಿಲ್ಲಿಸುತ್ತಾರೆ, ಮತ್ತೆ ಮಾಡುತ್ತಾರೆ)

ದೊಡ್ಡಪ್ಪ: ಸುಮಾ, ನೀನು ಬಿಟ್ಟಿದ್ದು ನನಗೆ ಗೊತ್ತಿರಲಿಲ್ಲಮ್ಮ. ಒಳ್ಳೆಯದಾಗಲಿ ಅಂತ ಕಳಿಸಿದ್ದು.

ಚಿಕ್ಕಮ್ಮ: ಗೊತ್ತು ಭಾವ. ಆದರೆ ಒಂದು ಗಂಟೆ ಕಾಫಿ ಇಲ್ಲದೆ ನಾನು ಹೇಗಿರಲಿ?

ಪ್ರದೀಪ: ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದಾ ಕೇಳಿ. ಊಟವಾಗಿ ಮೂರು ಗಂಟೆಯಾದರೂ ಆಗಿರಬೇಕು.

ಚಿಕ್ಕಮ್ಮ: ನಿಮ್ಮ ಚಿಕ್ಕಪ್ಪ ಊಟಕ್ಕೆ ಕೂರುವುದೇ ಹತ್ತಕ್ಕೆ. ಬೇಡ, ಐದೂವರೆಗೆ ಅಲಾರಂ ಇಡುತ್ತೇನೆ.

ದೊಡ್ಡಪ್ಪ: ನಾನೇ ಫೋನ್ ಮಾಡಿ ಎಬ್ಬಿಸುತ್ತೇನೆ. ಹೇಗೂ ಎದ್ದಿರುತ್ತೇನೆ.

ರಘು: ಆ ಹೊತ್ತಿಗೆ ಫಾರ್ವರ್ಡ್ ಮಾಡೋ ಡ್ಯೂಟಿ ಯಾರದು