ನಾಲ್ಕು ತಿಂಗಳ ಕೂಸಿಗೆ ಆಪರೇಷನ್: ಎದೆಹಾಲು ಎಷ್ಟೊತ್ತಿಗೆ ನಿಲ್ಸಿದ್ರಿ?

ಬೇಲೂರಿನ ಅಮ್ಮ:
ಮಗ ಎದೆಹಾಲು ಮಾತ್ರ ಕುಡಿಯೋದು. ಗುರುವಾರ 9ಕ್ಕೆ ಹಾಸನದಲ್ಲಿ ಹರ್ನಿಯಾ ಆಪರೇಷನ್. ವಾರ್ಡ್ ಸಿಸ್ಟರ್ ರಾತ್ರಿ 12ರ ಮೇಲೆ ಏನೂ ಕೊಡ್ಬೇಡಿ ಅಂತಾರೆ, ಅರಿವಳಿಕೆ ಡಾಕ್ಟರು ನಾಲ್ಕು ಗಂಟೆ ಮುಂಚೆ ನಿಲ್ಸಿದ್ರೆ ಸಾಕು ಅಂದ್ರು. ನೀವೆಲ್ಲ ಏನ್ ಮಾಡಿದ್ರಿ?

ಸಕಲೇಶಪುರದವಳು:
12 ಅಂದ್ರು, 12ಕ್ಕೇ ನಿಲ್ಸಿದೆ. ಎಂಟಕ್ಕೆ ಅಂದಿದ್ದೋರು ಮಧ್ಯೆ ಸಿಸೇರಿಯನ್ ಬಂತು ಅಂತ ಒಳಗೆ ಕರ್ಕೊಂಡಿದ್ದು 11:40ಕ್ಕೆ. ನನ್ನ ಮೈ ವಾಸನೆ ಬಂದ್ರೆ ಇನ್ನೂ ಅಳು, ಅದಕ್ಕೆ ನಮ್ಮತ್ತೆ ಎತ್ಕೊಂಡು ತಿರುಗಿದ್ರು. ನನಗೆ ಎದೆ ಕಲ್ಲು ಕಟ್ಟಿ ನೈಟಿ ಪೂರ್ತಿ ಒದ್ದೆ. ಬತ್ತಿದ ಕೂಸಿಗೆ ನರ ಸಿಗ್ದೆ ಐದು ಕಡೆ ಚುಚ್ಚಿದ್ರು: ಎರಡು ಕೈ, ಎರಡು ಕಾಲು, ಕೊನೆಗೆ ತಲೆ. ಬಿಲ್ಲಲ್ಲಿ ಐದೂ ಸೂಜಿಗೆ ದುಡ್ಡು!

ಮೂಡಿಗೆರೆಯವಳು:
ಬಾಯಿಬಿಟ್ಟು ಕೇಳ್ಬೇಕಿತ್ತು. ನನ್ನ ಮಗಳದ್ದು ಸೀಳುತುಟಿ, ಐದು ಕೆಜಿ ಆಗ್ಲಿ ಅಂತ ಕಾದು ಮಂಗಳೂರಲ್ಲಿ ಮಾಡಿಸ್ದೆ. 8ಕ್ಕೆ ಮೊದಲ ಕೇಸು. ಮೂರು ಅಲಾರಂ ಇಟ್ಟು 3:20ಕ್ಕೆ ಎಬ್ಬಿಸಿ 3:50ರವರೆಗೂ ಕುಡಿಸ್ದೆ. ಟ್ಯಾಕ್ಸಿಗೇ 4,200 ಹೋಯ್ತು, ಆದ್ರೆ ಕೂಸು ಅಳ್ಲಿಲ್ಲ.

ಸಕಲೇಶಪುರದವಳು:
ಕೇಳಿದ್ರೆ ಬೈತಾರಮ್ಮ ಇಲ್ಲಿ. ಟ್ಯಾಕ್ಸಿ ಮಾಡೋ ಯೋಗ್ಯತೆ ಎಲ್ಲರಿಗೂ ಇರಲ್ಲ.

ಅರಸೀಕೆರೆ ಅಪ್ಪ:
ನಮ್ಮಲ್ಲಿ ಕೂಸು ಅಳುತ್ತೆ ಅಂತ ಅಜ್ಜಿ ಆರಕ್ಕೆ ಎರಡು ಒಳಲೆ ಹಸುವಿನ ಹಾಲು ಕುಡಿಸಿಬಿಟ್ಟಿದ್ರು. ನಾನೇ ಹೋಗಿ ಹೇಳ್ದೆ. ಕೇಸ್ ಕ್ಯಾನ್ಸಲ್, ಮತ್ತೆ ಹನ್ನೊಂದು ದಿನ ಕಾದ್ವಿ. ರೂಮು 1,500, ಎರಡು ದಿನದ ಕೂಲಿ ಹೋಯ್ತು. ಹೇಳಿದ್ದಕ್ಕೆ ಮನೇಲಿ ಇವತ್ತಿಗೂ ನನ್ನನ್ನೇ ಬೈತಾರೆ.

ಮೂಡಿಗೆರೆಯವಳು:
ಎಲ್ಲ ಅಜ್ಜಿ ತಲೆಗೆ! ನೀವು ಎಲ್ಲಿದ್ರಿ ಆರಕ್ಕೆ? ಟೀ ಕುಡಿಯೋಕೆ ಹೋಗಿದ್ರಾ?

ಚಿಕ್ಕಮಗಳೂರು, ಥಿಯೇಟರ್ ನರ್ಸ್:
ಅರಸೀಕೆರೆಯವರು ಹೋಗಿ ಹೇಳಿದ್ದೇ ಸರಿ. ಅರಿವಳಿಕೆ ಕೊಟ್ಟಾಗ ಹೊಟ್ಟೇಲಿದ್ದ ಹಾಲು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಗತಿಯೇನು? ಎದೆಹಾಲು ಬೇಗ ಕರಗುತ್ತೆ, ನಾಲ್ಕು ಗಂಟೆ. ಯುರೋಪಿನವರು 2022ರಲ್ಲಿ ಮೂರಕ್ಕೆ ಇಳಿಸಿದ್ದಾರೆ. ಹಸುವಿನ ಹಾಲು, ಡಬ್ಬಿ ಹಾಲು ಆದ್ರೆ ನಾವು ಆರು ಗಂಟೆ ಬಿಡ್ತೀವಿ. 12ರ ಲೆಕ್ಕ ಹಳೇದು, ದೊಡ್ಡೋರದ್ದು. ಅರಿವಳಿಕೆ ಡಾಕ್ಟರ ಮಾತನ್ನ ಕೇಸ್ ಶೀಟಲ್ಲಿ ಬರೆಸ್ಕೊಳ್ಳಿ. ಆಪರೇಷನ್ ಲಿಸ್ಟ್ ತಡ ಆದ್ರೆ ಸುಮ್ನೆ ಕೂರಬೇಡಿ, ಇನ್ನೊಂದ್ ಸಲ ಕುಡಿಸ್ಬಹುದಾ ಅಂತ ಅವರನ್ನೇ ಕೇಳಿ.

ಸಕಲೇಶಪುರದವಳು:
ಇದನ್ನ ನಮಗೆ ಆವತ್ತು ಯಾಕೆ ಯಾರೂ ಹೇಳ್ಲಿಲ್ಲ?

ಬೇಲೂರಿನ ಅಮ್ಮ:
9ಕ್ಕೆ ಅಂದ್ರೆ 5ಕ್ಕೆ ಕುಡಿಸೋಕೆ ಶುರು ಮಾಡೋದಾ, 5ಕ್ಕೆ ಮುಗಿಸೋದಾ?

ಥಿಯೇಟರ್ ನರ್ಸ್:
ಮುಗಿಸೋದು.

ಮೂಡಿಗೆರೆಯವಳು:
ಮತ್ತೆ ಟ್ಯಾಕ್ಸಿ ವಿಷ್ಯ: ಅದು ನನ್ನ ಬಳೆ ಅಡ ಇಟ್ಟ ದುಡ್ಡು, ತಿಳ್ಕೊಳ್ಳಿ.