ಪದಚರ್ಚೆ: ‘ರಾಜ್ಯ’ ಎಂದರೆ ಯಾವುದು, ‘ಕ್ಯಾತೆ’ ಎಂದರೆ ಯಾರದು?

ಬಳಗದ ಎಲ್ಲರಿಗೂ ನಮಸ್ಕಾರ.

ಪದವಿ ವಿದ್ಯಾರ್ಥಿಗಳಿಗಾಗಿ ಭಾರತ–ಬಾಂಗ್ಲಾದೇಶ ನದಿ ಒಪ್ಪಂದಗಳ ಮೇಲೆ ಒಂದು ಅಧ್ಯಾಯ ಬರೆಯುತ್ತಿದ್ದೇನೆ. ದೇಶದೊಳಗಿನ ರಾಜಕೀಯ ವಿದೇಶಾಂಗ ನೀತಿಯನ್ನು ಎಲ್ಲಿ ಮುಂದಕ್ಕೆ ತಳ್ಳುತ್ತದೆ, ಎಲ್ಲಿ ಅದರ ಕೈ ಕಟ್ಟಿಹಾಕುತ್ತದೆ ಎಂಬುದು ಅದರ ತಿರುಳು. ವಿಷಯಕ್ಕೆ ಬರವಿಲ್ಲ, ಮಾತಿಗೆ ಬರ. ಹಲವು ಕಡೆ ರೂಢಿಯ ಪದವನ್ನು ಇಟ್ಟರೆ ವಾಕ್ಯ ತಪ್ಪು ಅರ್ಥ ಕೊಡುತ್ತದೆ, ಪಾರಿಭಾಷಿಕ ಪದವನ್ನು ಇಟ್ಟರೆ ಅರ್ಥವೇ ಆಗುವುದಿಲ್ಲ.

ಮೊದಲು ‘ರಾಜ್ಯ’ದ ಪಾಡು ನೋಡಿ. ನಾವು ಕಲಿಸುವ ಶಾಸ್ತ್ರದ ಹೆಸರೇ ರಾಜ್ಯಶಾಸ್ತ್ರ. ಸಂವಿಧಾನದ ನಾಲ್ಕನೆಯ ಭಾಗ ‘ರಾಜ್ಯನೀತಿಯ ನಿರ್ದೇಶಕ ತತ್ವಗಳು’. ಇಲ್ಲೆಲ್ಲ ರಾಜ್ಯವೆಂದರೆ ಇಡೀ ಆಳ್ವಿಕೆಯ ವ್ಯವಸ್ಥೆ. ಪುಸ್ತಕ ಮುಚ್ಚಿ ಪತ್ರಿಕೆ ತೆರೆದರೆ ರಾಜ್ಯವೆಂದರೆ ಕರ್ನಾಟಕ, ಮುಗಿಯಿತು. ‘ರಾಜ್ಯಕ್ಕೆ ಅನ್ಯಾಯ’ ಎಂಬ ಶೀರ್ಷಿಕೆಗೆ ಯಾವ ರಾಜ್ಯ ಎಂದು ಯಾರೂ ಕೇಳುವುದಿಲ್ಲ. ಹೀಗಿರುವಾಗ ‘ರಾಜ್ಯಗಳ ನಡುವಿನ ಪೈಪೋಟಿ ವಿದೇಶಾಂಗ ನೀತಿಯನ್ನು ರೂಪಿಸುತ್ತದೆ’ ಎಂದು ಬರೆದರೆ ವಿದ್ಯಾರ್ಥಿಯ ಕಣ್ಣಿಗೆ ಬರುವುದು ಕಾವೇರಿ, ಮಹದಾಯಿ, ಬೆಳಗಾವಿ. ಭಾರತ ಮತ್ತು ಚೀನಾ ಖಂಡಿತ ಅಲ್ಲ.

ಬೇರೆ ವಿಷಯವಾಗಿದ್ದರೆ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಲಿ ಎಂದು ಬಿಡಬಹುದಿತ್ತು. ತೀಸ್ತಾ ಕಥೆಯಲ್ಲಿ ಎರಡೂ ಬಗೆಯ ‘ರಾಜ್ಯ’ಗಳು ಒಂದೇ ವಾಕ್ಯದೊಳಗೆ ಬಂದು ಕೂರುತ್ತವೆ. ನದಿ ಸಿಕ್ಕಿಂನಲ್ಲಿ ಹುಟ್ಟಿ, ಉತ್ತರ ಬಂಗಾಳದ ಗಜಲ್ಡೋಬಾದ ಬ್ಯಾರೇಜ್ ದಾಟಿ, ಬಾಂಗ್ಲಾದೇಶಕ್ಕೆ ಹೋಗಿ ಬ್ರಹ್ಮಪುತ್ರ ಸೇರುತ್ತದೆ. ಬಾಂಗ್ಲಾದೇಶಕ್ಕೆ ಪಶ್ಚಿಮ ಬಂಗಾಳ ಮೇಲಿನ ಹರಿವಿನದು, ಪಶ್ಚಿಮ ಬಂಗಾಳಕ್ಕೆ ಸಿಕ್ಕಿಂ ಮೇಲಿನ ಹರಿವಿನದು. ಒಂದು ದೇಶ, ಎರಡು ರಾಜ್ಯ, ಮತ್ತೊಂದು ದೇಶ. ಇದನ್ನು ‘ರಾಜ್ಯ’ ಎಂಬ ಒಂದೇ ಪದದಿಂದ ಹೇಳಹೊರಟರೆ ಯಾರ ನೀರು ಯಾರಿಗೆ ಎಂಬುದೇ ತಿಳಿಯದು.

ಬದಲಿ ಪದಗಳಿಗೇನೂ ಕೊರತೆಯಿಲ್ಲ, ಒಂದೊಂದಕ್ಕೂ ಒಂದೊಂದು ಊನ. ‘ರಾಷ್ಟ್ರ’ ಎಂದರೆ ಜನಸಮುದಾಯದ ಭಾವನೆ ಬೆರೆಯುತ್ತದೆ. ಬಂಗಾಳಿ ಜನರು ಎರಡು ದೇಶಗಳಲ್ಲಿ ಹಂಚಿಹೋಗಿರುವ ಕಡೆ ಅದು ಇನ್ನಷ್ಟು ತೊಡಕು. ‘ಪ್ರಭುತ್ವ’ ನಮ್ಮ ವಿಮರ್ಶಕರಿಗೆ ಪ್ರಿಯವಾದ ಪದ, ಪ್ರಜೆಯ ಎದುರು ನಿಂತ ಅಧಿಕಾರ ಎನ್ನುವಾಗ ಸೊಗಸಾಗಿ ಒಪ್ಪುತ್ತದೆ. ‘ಎರಡು ಪ್ರಭುತ್ವಗಳು ಸಹಿ ಹಾಕಿದವು’ ಎಂದರೆ ಕೃತಕ. ‘ಸಂಸ್ಥಾನ’ವನ್ನು ಅಮೆರಿಕಕ್ಕೆ ಕೊಟ್ಟುಬಿಟ್ಟಿದ್ದೇವೆ, ಉಳಿದಂತೆ ಅದು ಅರಮನೆ–ದಿವಾನರ ಕಾಲದ ಮಾತು. 1924ರ ಕಾವೇರಿ ಒಪ್ಪಂದವಾದದ್ದು ಮೈಸೂರು ಸಂಸ್ಥಾನಕ್ಕೂ ಮದ್ರಾಸಿನ ಸರ್ಕಾರಕ್ಕೂ ಎನ್ನುವಾಗ ಅದು ಸರಿ. ನನ್ನ ತೀರ್ಮಾನ ಇಷ್ಟು: ಹೊರಗಿನದಕ್ಕೆ ‘ದೇಶ’, ಒಳಗಿನದಕ್ಕೆ ‘ರಾಜ್ಯ’. ರಾಜ್ಯಶಾಸ್ತ್ರದ ಮೇಷ್ಟ್ರುಗಳು ಮುನಿಸಿಕೊಂಡರೂ ಚಿಂತೆಯಿಲ್ಲ.

ಈಗ ಅಸಲು ತೊಡಕಿಗೆ ಬರುತ್ತೇನೆ. 1983ರಲ್ಲಿ ತೀಸ್ತಾ ನೀರಿಗೆ ಒಂದು ತಾತ್ಕಾಲಿಕ ಏರ್ಪಾಡಾಗಿತ್ತು: ಭಾರತಕ್ಕೆ ಶೇ 39, ಬಾಂಗ್ಲಾದೇಶಕ್ಕೆ ಶೇ 36, ಉಳಿದ ಶೇ 25 ಯಾರಿಗೂ ಹಂಚಿಕೆಯಾಗಲಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಢಾಕಾಕ್ಕೆ ಹೊರಡುವ ಹೊತ್ತಿಗೆ ಹೊಸ ಮಧ್ಯಂತರ ಒಪ್ಪಂದದ ಕರಡು ಸಿದ್ಧವಿತ್ತು. ಅಸ್ಸಾಂ, ಮೇಘಾಲಯ, ಮಿಜೋರಾಂ, ತ್ರಿಪುರಾಗಳ ಮುಖ್ಯಮಂತ್ರಿಗಳು ಜೊತೆಗೆ ಹೊರಟರು. ಪಶ್ಚಿಮ ಬಂಗಾಳದ ಮಮತಾ ಬ್ಯಾನರ್ಜಿ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು. ಅವರು ಅಧಿಕಾರಕ್ಕೆ ಬಂದು ಕೆಲವೇ ತಿಂಗಳಾಗಿತ್ತು, ದೆಹಲಿಯ ಮೈತ್ರಿ ಸರ್ಕಾರ ಅವರ ಪಕ್ಷದ ಸಂಸದರನ್ನೂ ನೆಚ್ಚಿಕೊಂಡಿತ್ತು. ತೀಸ್ತಾಕ್ಕೆ ಸಹಿ ಬೀಳಲಿಲ್ಲ. ಬಾಂಗ್ಲಾದೇಶವೂ ತನ್ನ ಬಂದರುಗಳ ಮೂಲಕ ಭಾರತದ ಸರಕು ಸಾಗಿಸಲು ಅವಕಾಶ ಕೊಡುವ ಪತ್ರವನ್ನು ತಡೆಹಿಡಿಯಿತು.

(ಈ ಭಾಗ ಬರೆಯುವಾಗ ಇನ್ನೊಂದು ಪೇಚು. ತೃಣಮೂಲ ಕಾಂಗ್ರೆಸ್ಸನ್ನು ನಮ್ಮ ಪತ್ರಿಕೆಗಳು ಟಿಎಂಸಿ ಎನ್ನುತ್ತವೆ. ಕಾವೇರಿ ಕಣಿವೆಯ ಓದುಗನಿಗೆ ಟಿಎಂಸಿ ಎಂದರೆ ನೀರಿನ ಅಳತೆ. ‘ನೀರು ಬಿಡಲು ಟಿಎಂಸಿ ಒಪ್ಪಲಿಲ್ಲ’ ಎಂಬ ವಾಕ್ಯವನ್ನು ಬರೆದು ಹೊಡೆದುಹಾಕಿದೆ.)

ಮಮತಾ ಮಾಡಿದ್ದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ವೀಟೊ ಚಲಾಯಿಸಿದರು’ ಎಂದು ಬರೆಯುವವರಿದ್ದಾರೆ. ಅದು ಸಲ್ಲದು. ವಿದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರ ಪಟ್ಟಿಯಲ್ಲಿದೆ. ಅಂಥ ಒಪ್ಪಂದವನ್ನು ಜಾರಿಗೆ ತರಲು ಯಾವ ವಿಷಯದ ಮೇಲೆ ಬೇಕಾದರೂ ಕಾನೂನು ಮಾಡುವ ಅಧಿಕಾರವನ್ನು 253ನೆಯ ವಿಧಿ ಸಂಸತ್ತಿಗೆ ಕೊಟ್ಟಿದೆ. ನೀರು ರಾಜ್ಯ ಪಟ್ಟಿಯಲ್ಲಿದೆ ನಿಜ, ಆದರೆ ಮುಖ್ಯಮಂತ್ರಿಯ ಸಹಿ ಬೇಕೆಂದು ಎಲ್ಲಿಯೂ ಬರೆದಿಲ್ಲ. ಬೇಕಾಗಿದ್ದದ್ದು ರಾಜಕೀಯ ಒಪ್ಪಿಗೆ. ಇಲ್ಲದ ಹಕ್ಕನ್ನು ‘ವೀಟೊ’ ಎಂದು ಕರೆದರೆ ವಿದ್ಯಾರ್ಥಿ ಅದನ್ನೇ ಪರೀಕ್ಷೆಯಲ್ಲಿ ಬರೆಯುತ್ತಾನೆ.

‘ಅಡ್ಡಗಾಲು ಹಾಕಿದರು’ ಎನ್ನುವುದು ತೀರ್ಪು, ವರದಿಯಲ್ಲ. ಇನ್ನು ‘ಕ್ಯಾತೆ’. ನಮ್ಮ ಪತ್ರಿಕೆಗಳಲ್ಲಿ ಈ ಪದದ ಓಡಾಟವನ್ನು ಗಮನಿಸಿದ್ದೀರಾ? ತಮಿಳುನಾಡು ಆಕ್ಷೇಪ ಎತ್ತಿದರೆ ‘ಕ್ಯಾತೆ’, ಗೋವಾ ನ್ಯಾಯಾಲಯಕ್ಕೆ ಹೋದರೆ ‘ಮತ್ತೆ ಕ್ಯಾತೆ’, ಅದೇ ಕೆಲಸವನ್ನು ನಾವು ಮಾಡಿದರೆ ‘ಹಕ್ಕೊತ್ತಾಯ’. ಹೊಳೆಯ ಯಾವ ದಡದಲ್ಲಿ ನಿಂತಿದ್ದೇವೆ ಎಂಬುದನ್ನು ಇಷ್ಟು ನಿಖರವಾಗಿ ತೋರಿಸುವ ಪದ ಇನ್ನೊಂದಿಲ್ಲ. ಮಮತಾರ ನಿಲುವನ್ನು ಕ್ಯಾತೆ ಎಂದರೆ ನಾನು ಢಾಕಾದ ಕಣ್ಣಿನಿಂದ ನೋಡಿದಂತಾಯಿತು. ಬೇಸಗೆಯಲ್ಲಿ ನಾಲೆಯ ನೀರಿಗೆ ಕಾಯುವ ಜಲಪಾಯ್ಗುರಿಯ ರೈತನಿಗೆ ಅದು ಹಕ್ಕೊತ್ತಾಯ. ಕೆಳಗೆ ರಂಗಪುರ ಸೀಮೆಯ ರೈತ ಕಾಯುವುದೂ ಅದೇ ನೀರಿಗೆ, ಅದೇ ತಿಂಗಳಿನಲ್ಲಿ.

ನನಗೆ ಹಿಡಿಸಿರುವುದು ‘ತಕರಾರು’. ನ್ಯಾಯಾಲಯದಲ್ಲೂ ಕಂದಾಯ ಕಚೇರಿಯಲ್ಲೂ ಸವೆದ ಪದ. ತಕರಾರು ಅರ್ಜಿ ಹಾಕಿದವನು ಸರಿಯೋ ತಪ್ಪೋ ಎಂದು ಅದು ಹೇಳುವುದಿಲ್ಲ, ಅವನಿಗೊಂದು ಆಕ್ಷೇಪವಿದೆ, ಅದು ಇತ್ಯರ್ಥವಾಗುವವರೆಗೆ ಕಡತ ಮುಂದೆ ಸಾಗದು ಎಂದಷ್ಟೇ ಹೇಳುತ್ತದೆ. 2011ರಲ್ಲಿ ಆದದ್ದು ಅಷ್ಟೇ. ಆದರೆ ಬೆಂಗಳೂರಿನ ಎಳೆಯರಿಗೆ ತಕರಾರು ಎಂದರೆ ಬರೀ ಜಗಳ ಎಂದು ಒಬ್ಬರು ಎಚ್ಚರಿಸಿದರು. ಹೌದೇ?

ಇದರ ಜೊತೆಗೇ ‘ಒಪ್ಪಂದ ಮುರಿದುಬಿತ್ತು’ ಎಂಬ ಪ್ರಯೋಗದ ಮೇಲೂ ನನ್ನದೊಂದು ತಕರಾರಿದೆ. ಆಗಿದ್ದರೆ ತಾನೆ ಮುರಿಯುವುದು? ಮಾತುಕತೆಯೂ ಮುರಿದಿರಲಿಲ್ಲ, ಕರಡು ಕೈಯಲ್ಲಿತ್ತು. ‘ಕೈಗೂಡಲಿಲ್ಲ’ ಎಂಬ ಚೆಂದದ ಮಾತು ನಮ್ಮಲ್ಲಿರುವಾಗ ಮುರಿಯುವುದೇಕೆ? ಸಹಿ, ಅನುಮೋದನೆ, ಜಾರಿ ಇವೂ ಬೇರೆ ಬೇರೆ. ಇಂದಿರಾ ಗಾಂಧಿ ಮತ್ತು ಮುಜಿಬುರ್ ರೆಹಮಾನ್ ಭೂಗಡಿ ಒಪ್ಪಂದಕ್ಕೆ ಸಹಿ ಹಾಕಿದ್ದು 1974ರ ಮೇ 16ರಂದು. ಬಾಂಗ್ಲಾದೇಶ ಅದೇ ವರ್ಷ ಅನುಮೋದಿಸಿತು. ಭಾರತದಲ್ಲಿ ನೆಲ ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿಯೇ ಬೇಕೆಂದು ಬೇರೂಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರಲ್ಲೇ ಹೇಳಿತ್ತು. ಆ ತಿದ್ದುಪಡಿಗೆ ಅಸ್ಸಾಂ ಮತ್ತು ಬಂಗಾಳದ ರಾಜಕಾರಣ ದಾರಿ ಬಿಡುವ ಹೊತ್ತಿಗೆ 2015 ಬಂದಿತ್ತು. ಒಂದೇ ಒಂದು ವಿರೋಧ ಮತವಿಲ್ಲದೆ ನೂರನೆಯ ತಿದ್ದುಪಡಿ ಅಂಗೀಕಾರವಾಗಿ, ಜುಲೈ 31ರ ನಡುರಾತ್ರಿ ಒಂದು ದೇಶದ್ದಾಗಿ ಇನ್ನೊಂದರ ನಡುವೆ ಸಿಕ್ಕಿಕೊಂಡಿದ್ದ ತುಂಡುನೆಲಗಳು, ಭಾರತದ 111 ಮತ್ತು ಬಾಂಗ್ಲಾದೇಶದ 51, ಕೈಬದಲಾದವು. ಕಾವೇರಿ ಐತೀರ್ಪು 2007ರಲ್ಲಿ ಬಂದರೂ 2013ರ ಅಧಿಸೂಚನೆಯವರೆಗೆ ಕಾದವರು ನಾವು, ಈ ವ್ಯತ್ಯಾಸ ನಮಗೆ ತಿಳಿಯದ್ದಲ್ಲ. ಇಲ್ಲಿ ಕ್ರಿಯಾಪದವೂ ಮುಖ್ಯ: ‘ವಿನಿಮಯ’ ಎಂದರೆ ಒಪ್ಪಂದದ ಪರ, ‘ಬಿಟ್ಟುಕೊಟ್ಟರು’ ಎಂದರೆ ವಿರೋಧ. ಶ್ರೀಲಂಕಾದ ಪಾಲಾದ ಕಚ್ಚತೀವು ದ್ವೀಪದ ವಿಷಯದಲ್ಲಿ ತಮಿಳುನಾಡಿನ ರಾಜಕಾರಣ ಎರಡನೆಯದನ್ನು ಇಂದಿಗೂ ಬಿಟ್ಟಿಲ್ಲ.

ಇನ್ನು ‘ರಾಜತಾಂತ್ರಿಕ’. ‘ತಂತ್ರ’ ಸೇರಿರುವುದರಿಂದಲೋ ಏನೋ, ಇದರಲ್ಲಿ ಸ್ವಲ್ಪ ಕುತಂತ್ರದ ವಾಸನೆ ಇದೆ. ಅದನ್ನು ಸಹಿಸಬಹುದು. ಎರಡು ದೇಶಗಳ ನಡುವಿನ ವ್ಯವಹಾರಕ್ಕೇ ಅದು ಗಂಟುಬಿದ್ದಿರುವುದು ನನಗೆ ಅಡ್ಡಿ. 2011ರಲ್ಲಿ ಭದ್ರತಾ ಸಲಹೆಗಾರ ಶಿವಶಂಕರ ಮೆನನ್ ಮಮತಾರನ್ನು ಒಪ್ಪಿಸಲು ಕೋಲ್ಕತ್ತಕ್ಕೆ ಹೋಗಿದ್ದರು. ಅದು ರಾಜತಾಂತ್ರಿಕ ಭೇಟಿಯಲ್ಲ, ಆದರೆ ಮಾಡಿದ ಕೆಲಸ ಅದೇ. ‘ಕೋಲ್ಕತ್ತಕ್ಕೆ ರಾಯಭಾರ ಹೋದರು’ ಎಂದರೆ ಸೊಗಸಾಗಿ ಕೂರುತ್ತದೆ. ರಾಯಭಾರಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಹಸ್ತಿನಾವತಿಗೆ ಕೃಷ್ಣ ಹೋದದ್ದು ಒಂದೇ ಮನೆತನದ ಜಗಳಕ್ಕೆ, ಅಲ್ಲಿಯೂ ಮುದುಕ ದೊರೆಗೆ ಮನಸ್ಸಿದ್ದು ಮಗನ ಮುಂದೆ ನಡೆಯದೆ ಹೋಯಿತು. ಯಕ್ಷಗಾನ ನೋಡಿ ಬೆಳೆದವರಿಗೆ ದೆಹಲಿಯ ಪಾಡನ್ನು ಬೇರೆ ವಿವರಿಸಬೇಕಿಲ್ಲ. ಹಾಗೆಂದು ‘ಸಂಧಾನ’ ಎನ್ನಲಾರೆ, ಅದಕ್ಕೆ ನಡುವೆ ನಿಲ್ಲುವ ಮೂರನೆಯವನೊಬ್ಬ ಬೇಕೆನಿಸುತ್ತದೆ.

ಒಳರಾಜಕೀಯ ಯಾವಾಗಲೂ ಕೆಡಿಸುತ್ತದೆ ಎಂಬ ಅರ್ಥ ಬರದಂತೆಯೂ ಬರೆಯಬೇಕಾಗಿದೆ. ಏಕೆಂದರೆ ಅದೇ ಬಂಗಾಳ 1996ರಲ್ಲಿ ಗಂಗಾ ಒಪ್ಪಂದಕ್ಕೆ ದಾರಿ ಮಾಡಿಕೊಟ್ಟಿತ್ತು. ಆಗ ಪ್ರಧಾನಿ ಎಚ್.ಡಿ. ದೇವೇಗೌಡರು, ಅವರ ಸಂಯುಕ್ತ ರಂಗದ ಸರ್ಕಾರಕ್ಕೆ ಸಿಪಿಎಂನ ಹೊರಗಿನ ಬೆಂಬಲ. ಅದೇ ಪಕ್ಷದ ಮುಖ್ಯಮಂತ್ರಿ ಜ್ಯೋತಿ ಬಸು ಡಿಸೆಂಬರ್‌ಗೆ ಮೊದಲೇ ಢಾಕಾಕ್ಕೆ ಹೋಗಿ ಮಾತನಾಡಿ ಬಂದಿದ್ದರು. ಢಾಕಾದಲ್ಲೂ ಆ ವರ್ಷವೇ ಶೇಖ್ ಹಸೀನಾ ಅಧಿಕಾರಕ್ಕೆ ಬಂದಿದ್ದರು. ಡಿಸೆಂಬರ್ 12ರಂದು ಸಹಿಯಾಯಿತು: ಬಂಗಾಳದ ಫರಕ್ಕಾ ಬ್ಯಾರೇಜಿನಲ್ಲಿ ಗಂಗೆಯ ಹರಿವು 70 ಸಾವಿರ ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಮಪಾಲು, 75 ಸಾವಿರ ದಾಟಿದರೆ ಭಾರತಕ್ಕೆ 40 ಸಾವಿರ, ಮಿಕ್ಕದ್ದು ಬಾಂಗ್ಲಾದೇಶಕ್ಕೆ. ಕಾವೇರಿಯಲ್ಲಿ ಮೇಲಿನ ಹರಿವಿನ ರಾಜ್ಯದ ಮುಖ್ಯಮಂತ್ರಿಯಾಗಿ ವಾದಿಸುತ್ತಿದ್ದವರು ಕೆಲವೇ ತಿಂಗಳಲ್ಲಿ ಮೇಲಿನ ಹರಿವಿನ ದೇಶದ ಪ್ರಧಾನಿಯಾಗಿ ಕೆಳಗಿನವರಿಗೆ ನೀರು ಹಂಚಿ ಸಹಿ ಹಾಕಿದರು. ಕನ್ನಡದ ಪಾಠದಲ್ಲಿ ಈ ಮಾತು ಇರಲೇಬೇಕು. ಆ ಒಪ್ಪಂದದ 30 ವರ್ಷಗಳ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ.

‘ಪೈಪೋಟಿ’ಯ ವಿಷಯ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ತೀಸ್ತಾ ಪಾತ್ರದ ಪುನರುಜ್ಜೀವನ ಯೋಜನೆಗೆ ಚೀನಾ ಮುಂದೆ ಬಂದಿತು. 2024ರ ಜೂನ್‌ನಲ್ಲಿ ಭಾರತವೂ ತಾಂತ್ರಿಕ ತಂಡ ಕಳುಹಿಸುವುದಾಗಿ ಘೋಷಿಸಿತು. ತಮ್ಮನ್ನು ಬಿಟ್ಟು ಮಾತನಾಡಿದಿರೆಂದು ಮಮತಾ ಪ್ರಧಾನಿಗೆ ಪತ್ರ ಬರೆದರು. ಆಗಸ್ಟ್‌ನಲ್ಲಿ ಹಸೀನಾ ಅಧಿಕಾರ ಕಳೆದುಕೊಂಡರು. 2025ರ ಮಾರ್ಚ್‌ನಲ್ಲಿ ಢಾಕಾದ ಮಧ್ಯಂತರ ಸರ್ಕಾರ ಚೀನಾದ ಕಂಪನಿಗಳನ್ನು ಸ್ವಾಗತಿಸಿತು. ಭಾರತ–ಚೀನಾಗಳದ್ದು ‘ಮೇಲಾಟ’, ಕೈಗಾರಿಕೆಗಾಗಿ ಕರ್ನಾಟಕ–ಆಂಧ್ರಗಳದ್ದು ‘ಪೈಪೋಟಿ’ ಎಂದು ಬೇರ್ಪಡಿಸಿದ್ದೇನೆ. ‘ಹಗೆತನ’ ಎರಡಕ್ಕೂ ಹೆಚ್ಚಾಯಿತು.

ನನಗೆ ಮುಖ್ಯವಾಗಿ ಬೇಕಾಗಿರುವುದು ಎರಡು. ಕೋಲ್ಕತ್ತದ ಭೇಟಿಗೆ ‘ರಾಯಭಾರ’ ಎಂದರೆ ಇಂದಿನ ಓದುಗನಿಗೆ ವ್ಯಂಗ್ಯವಾಗಿ ಕೇಳಿಸುತ್ತದೆಯೇ? ಮಹದಾಯಿ ವಿಷಯದಲ್ಲಿ ಖಾನಾಪುರ, ನರಗುಂದದ ಕಡೆಯವರು ‘ತಂಟೆ–ತಕರಾರು’ ಎಂದು ಜೋಡಿಯಾಗಿ ಹೇಳುವುದುಂಟಷ್ಟೆ, ಅಲ್ಲಿ ಒಂಟಿ ‘ತಕರಾರು’ ಇನ್ನೂ ಬರೀ ಆಕ್ಷೇಪವಾಗಿಯೇ ಉಳಿದಿದೆಯೇ, ಇಲ್ಲ ತಂಟೆಯ ಸಹವಾಸದಿಂದ ಅದಕ್ಕೂ ಜಗಳದ ಬಣ್ಣ ಬಂದಿದೆಯೇ? ಆ ಸೀಮೆಯವರು ಉದಾಹರಣೆ ವಾಕ್ಯಗಳ ಸಮೇತ ತಿಳಿಸಿದರೆ ಉಪಕಾರ.